ಮನೋವೈದ್ಯರ ಬಾಗಿಲಿಗೆ ದಾರಿ ಯಾವುದು?

ಮಗನ ಕಾಲು ಮುರಿದರೆ ತಂದೆತಾಯಿಗಳು ಎಲ್ಲಿಗೆ ಹೋಗಬೇಕೆಂದು ಹೆಚ್ಚು ಯೋಚಿಸಬೇಕಾಗಿಲ್ಲ. ಮೂಳೆ ವೈದ್ಯರು ಎಲ್ಲಿರುವರೆಂಬುದನ್ನು ಊರೇ ಹೇಳುತ್ತದೆ. ಅದೇ ಮಗನು ವಾರಗಟ್ಟಲೆ ನಿದ್ರೆಯಿಲ್ಲದೆ, ಊಟ ಸೇರದೆ, ಗೆಳೆಯರನ್ನು ತೊರೆದು ಕೋಣೆಯ ಕದವಿಕ್ಕಿಕೊಂಡು ಕುಳಿತರೆ, ಅವರು ಯಾರ ಬಾಗಿಲನ್ನು ತಟ್ಟಬೇಕು? ಈ ಪ್ರಶ್ನೆಗೆ ಉತ್ತರ ದೊರೆಯುವಷ್ಟರಲ್ಲಿ ಅಮೂಲ್ಯವಾದ ಕಾಲ ಕಳೆದುಹೋಗುತ್ತದೆಂಬುದೇ ನಮ್ಮ ಚಿಂತೆ.

ಇದು ಎಲ್ಲೋ ಒಂದೆರಡು ಮನೆಗಳ ಮಾತಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಅಂದಾಜಿನಂತೆ, 13ರಿಂದ 17 ವರ್ಷದವರಲ್ಲಿ ಶೇಕಡ 7ರಷ್ಟು ಮಂದಿ ಒಂದಿಲ್ಲೊಂದು ಮಾನಸಿಕ ಅಸ್ವಸ್ಥತೆಯಿಂದ ಬಳಲುತ್ತಿದ್ದರು. 60 ಮಂದಿಯ ತರಗತಿಯಲ್ಲಿ ಇದು ಸುಮಾರು ನಾಲ್ವರೆಂದಾಯಿತು. ವಯಸ್ಕರ ವಿಷಯದಲ್ಲಿಯೂ, ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ 70 ಅಥವಾ ಅದಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆ ದೊರೆತಿಲ್ಲವೆಂದು ಅದೇ ಸಮೀಕ್ಷೆ ಕಂಡುಕೊಂಡಿತು.

ಇದಕ್ಕೆ ಹೆತ್ತವರಲ್ಲಿ ಅಕ್ಕರೆಯ ಕೊರತೆಯೇ ಕಾರಣವೆಂದು ಹೇಳಲಾಗದು. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇಲ್ಲಿ ವಿದ್ಯುನ್ಮಂಡಲವೊಂದು ನೆನಪಾಗುತ್ತದೆ. ಬ್ಯಾಟರಿಯು ಎಷ್ಟೇ ಚೆನ್ನಾಗಿರಲಿ, ರೋಧಕಗಳನ್ನು ಒಂದರ ಹಿಂದೊಂದರಂತೆ ಸರಣಿಯಲ್ಲಿ ಜೋಡಿಸುತ್ತ ಹೋದರೆ ಒಟ್ಟು ರೋಧವು ಹೆಚ್ಚಿ, ಪ್ರವಾಹವು ಕ್ಷೀಣಿಸಿ, ದೀಪವು ಮಂಕಾಗುತ್ತದೆ. "ವಯಸ್ಸಿನ ಹುಡುಗಾಟ, ತಾನಾಗಿಯೇ ಸರಿಹೋದೀತು" ಎಂಬ ಸಮಾಧಾನ ಮೊದಲನೆಯ ರೋಧಕ. "ನಾಲ್ಕು ಜನ ಏನೆಂದಾರು" ಎಂಬ ಅಳುಕು ಎರಡನೆಯದು. ಮೂರನೆಯದು ದೂರ: ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ, ಇರುವವರಲ್ಲಿ ಹೆಚ್ಚಿನವರು ನಗರಗಳಲ್ಲಿದ್ದಾರೆ. ನಾಲ್ಕನೆಯದು ವೆಚ್ಚ: ಈ ಚಿಕಿತ್ಸೆ ಒಂದು ಭೇಟಿಗೆ ಮುಗಿಯುವಂಥದಲ್ಲ, ಪ್ರತಿ ಸಲವೂ ಬಸ್ಸಿನ ಖರ್ಚು, ಒಂದು ದಿನದ ಕೂಲಿಯ ನಷ್ಟ.

ಆದರೆ ಸರಣಿಯ ಯಾವ ಒಂದು ರೋಧಕವನ್ನು ತೆಗೆದರೂ ಪ್ರವಾಹವು ಏರುತ್ತದೆಯಲ್ಲವೆ? ದಾರಿಯನ್ನರಿಯದಿರುವುದು ಐದನೆಯ ರೋಧಕ. ತೆಗೆಯಲು ಎಲ್ಲಕ್ಕಿಂತ ಸುಲಭವಾದುದು ಇದೇ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗದ ಮಾದರಿಯಲ್ಲಿ, 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಸರ್ಕಾರದ ಸೇವೆಯನ್ನು ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು ಸಾರಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಕೇಳಬಹುದು. ಇವೆಲ್ಲ ಎಷ್ಟು ಮನೆಗಳಿಗೆ ತಿಳಿದಿವೆ?

ದಾರಿ ತೋರುವ ಹೊಣೆಯನ್ನು ಪ್ರೌಢಶಾಲೆಗಳೂ ಕಾಲೇಜುಗಳೂ ಹೊರಬೇಕೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ, ಯಾವ ಕೋಣೆಯಲ್ಲಿ ದೊರೆಯುತ್ತಾರೆಂಬುದನ್ನು ಪ್ರತಿಯೊಂದು ಶಾಲೆಯಲ್ಲಿಯೂ ಒಬ್ಬ ಅಧ್ಯಾಪಕರಾದರೂ ಅರಿತಿರಬೇಕು. ಪೋಷಕರ ಸಭೆಯಲ್ಲಿ ಅಂಕಗಳೊಡನೆ ಇದನ್ನೂ ತಿಳಿಸಬೇಕು. ಅಧ್ಯಾಪಕರು ವೈದ್ಯರೇ ಎಂದು ಕೇಳುವವರುಂಟು. ಅಲ್ಲ, ರೋಗನಿರ್ಣಯ ನಮ್ಮ ಕೆಲಸವಲ್ಲ. ಆದರೆ ಮಂಕಾಗುತ್ತಿರುವ ಮುಖವನ್ನು ದಿನವೂ ಕಾಣುವವರು ನಾವು. ಹೀಗೆ ಮಾಡುವುದರಿಂದ ವೈದ್ಯರನ್ನು ನೇಮಿಸುವ ಸರ್ಕಾರದ ಕರ್ತವ್ಯವೇನೂ ತೀರುವುದಿಲ್ಲ. ಇರುವ ವೈದ್ಯರಾದರೂ ಬೇಗ ದೊರೆಯುತ್ತಾರೆ.

ವಿದ್ಯಾರ್ಥಿಗಳೇ, ನಿಮ್ಮ ಪಾಲಿನ ಕೆಲಸವೂ ಒಂದಿದೆ. 18 ತುಂಬದವರ ಚಿಕಿತ್ಸೆಗೆ ಪೋಷಕರ ನೆರವು ಬೇಕೇ ಬೇಕು. ಅವರು ಕೇಳಿದಾಗ "ಏನಿಲ್ಲ" ಎನ್ನಬೇಡಿ. "ಎರಡು ವಾರದಿಂದ ನಿದ್ರೆ ಬಂದಿಲ್ಲ" ಎಂದು ಕಂಡುದನ್ನು ಕಂಡಂತೆ ಹೇಳಿ. ಸಾವಿನ ಮಾತಾಡುವ ಗೆಳೆಯನ ಗುಟ್ಟನ್ನು ಕಾಪಾಡುವುದು ಸ್ನೇಹವಲ್ಲ. ಅದನ್ನು ಅಂದೇ ಹಿರಿಯರೊಬ್ಬರಿಗೆ ತಿಳಿಸಿ.