ಅಪ್ಪನ ಆರು ಅಂಕಿ

ಮೊನ್ನೆ ಸಿದ್ದಾಪುರದ ನಮ್ಮ ಮನೇಲಿ ಅಪ್ಪ ಮೊಬೈಲಲ್ಲಿ ಕರೆಂಟ್ ಬಿಲ್ ಕಟ್ಟೋಕೆ ಕೂತ್ರು. ಓಟಿಪಿ ಬಂತು. ಕನ್ನಡಕ ಹಾಕ್ಕೊಳ್ಳೋ ಹೊತ್ತಿಗೆ ಮೇಲಿಂದ ಇಣುಕಿದ್ದ ಮೆಸೇಜು ಮಾಯ. ಹುಡುಕಿ, ಆರು ಅಂಕಿ ಬಾಯಲ್ಲೇ ಹೇಳ್ಕೊಳ್ತಾ ವಾಪಸ್ ಬಂದ್ರೆ ಪೇಜ್ ಮತ್ತೆ ಮೊದಲಿಂದ. ಮೂರನೇ ಸಲ ನಾನು ಫೋನ್ ಕಿತ್ಕೊಂಡೆ. "ಇಷ್ಟೂ ಆಗಲ್ವಾ ಅಪ್ಪಾ?" ಅಂದೆ. ಅವರು ಮಾತಾಡಲಿಲ್ಲ. ಆಮೇಲೆ ಬಿಲ್ ಮುಟ್ಟಿಲ್ಲ.

ನಾಚಿಕೆಯ ವಿಷಯ ಏನಂದ್ರೆ, ಇಂಥ ಸ್ಕ್ರೀನ್ ಮಾಡೋದೇ ನನ್ನ ಕೆಲಸ.

ಪಕ್ಕದ ಮನೆಯವರು "ನಿಮ್ಹಾನ್ಸ್ ಹತ್ರಾನೇ ಇದೆಯಲ್ಲ, ತೋರಿಸಿ" ಅಂದ್ರು. ಮನೆ ದಾರಿ ಮರೆತರೆ, ಕಟ್ಟಿದ ಬಿಲ್ಲನ್ನೇ ಮತ್ತೆ ಕಟ್ಟಿದ್ರೆ ಖಂಡಿತ ತೋರಿಸಬೇಕು. ನಿಧಾನ ಆಗೋದೇ ಕಾಯಿಲೆ ಅಲ್ಲ. 1996ರಲ್ಲಿ ಟಿಮತಿ ಸಾಲ್ಟ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞ ವಿವರಿಸಿದ್ದು ಇಷ್ಟೆ: ವಯಸ್ಸಾದಂತೆ ಮಿದುಳಿನ ವೇಗ ತಗ್ಗುತ್ತೆ, ಎರಡನೇ ಹೆಜ್ಜೆ ಮುಗಿಸೋಷ್ಟರಲ್ಲಿ ಮೊದಲನೇದು ಮಾಸಿರುತ್ತೆ. ವರ್ಕಿಂಗ್ ಮೆಮರಿ ಸೋರೋದು ಹೀಗೆ. ಇನ್ನು ನಗೋ ಯುವಕರಿಗೆ ಒಂದು ಸುದ್ದಿ: 2015ರ ಹಾರ್ಟ್‌ಶೋರ್ನ್–ಜರ್ಮೈನ್ ಅಧ್ಯಯನದ ಪ್ರಕಾರ ಈ ವೇಗದ ಶಿಖರ 18-19ರ ಆಸುಪಾಸು. ಪದಸಂಪತ್ತು ಮಾತ್ರ ಅರವತ್ತು ದಾಟಿದ ಮೇಲೂ ಬೆಳೀತಿರುತ್ತೆ. ನನಗೀಗ 33. ಇಳಿಜಾರಲ್ಲಿ ನಾನೂ ಇದೀನಿ, ನೀವೂ ಇದೀರಿ.

ಅಪ್ಪ ಬಿಟಿಎಸ್ ಕಂಡಕ್ಟರ್ ಆಗಿದ್ರು. ತುಂಬಿದ ಬಸ್ಸಲ್ಲಿ ಯಾರಿಗೆಷ್ಟು ಚಿಲ್ಲರೆ ಬಾಕಿ ಅಂತ ತಲೇಲಿ ಇಟ್ಕೋತಿದ್ರಾ? ಇಲ್ಲ ಕಣ್ರೀ. ಟಿಕೆಟ್ ಹಿಂದೆ ಬರೆದುಕೊಟ್ಟು ಮುಂದೆ ಹೋಗ್ತಿದ್ರು! ಇಪ್ಪತ್ತೈದರ ಹುಡುಗನ ನೆನಪನ್ನೂ ನಂಬದ ಆ ಬಸ್ಸಿನ ಪದ್ಧತಿ ನಮ್ಮ ಆ್ಯಪಿಗಿಂತ ಜಾಣ.

ಓಟಿಪಿಗೆ ಗಡುವು ಬೇಕು, ಒಪ್ತೀನಿ. ಕಳ್ಳರು ಕಾಯ್ತಿರ್ತಾರೆ. ಆದ್ರೆ ಗಡುವು ಮುಗಿದ ತಕ್ಷಣ ತುಂಬಿದ ಫಾರ್ಮನ್ನೆಲ್ಲ ಅಳಿಸೋದು ಯಾವ ಭದ್ರತೆ? ಅದು ನಮ್ಮ ಸೋಮಾರಿತನ. ಕನ್ಸ್ಯೂಮರ್ ನಂಬರ್ ಹಾಗೇ ಇರಲಿ, ಹೊಸ ಓಟಿಪಿ ಮಾತ್ರ ಕಳಿಸಿ. ಎರಡು ದಿನದ ಕೆಲಸ.

ಆಫೀಸ್ ಮೀಟಿಂಗಲ್ಲಿ ಹೇಳಿದೆ. "ಎಡ್ಜ್ ಕೇಸ್" ಅಂದ್ರು. ಸೋಮವಾರ ಮತ್ತೆ ಕೇಳ್ತೀನಿ. ಅಪ್ಪನ ಹತ್ರ ಕ್ಷಮೆ ಕೇಳೋದೂ ಬಾಕಿ ಇದೆ. ಈ ತಿಂಗಳ ಬಿಲ್ ಇನ್ನೂ ಟೀವಿ ಮೇಲೇ ಇದೆ.