ಚೂರು ಕೈಗೆ ಬಂತು, ನಿಯಮ ಎಲ್ಲಿ?

ಪ್ರಾಚೀನ ಅಥೆನ್ಸಿನ ಮತದಾನದಿಂದ ಪ್ರೇರಣೆ ಪಡೆಯುವ ಸೆರಾಮಿಕ್ ಕಲೆಗೆ ಒಂದು ಸಲೀಸು ದಾರಿಯಿದೆ. ಗ್ಯಾಲರಿಗೆ ಬಂದವರ ಕೈಗೆ ಒಂದು ಮಡಕೆ ಚೂರು ಕೊಡುವುದು. ಯಾರನ್ನು ಅಥವಾ ಏನನ್ನು ಹೊರಹಾಕಬೇಕೋ ಅದನ್ನು ಗೀಚಿ ರಾಶಿಗೆ ಹಾಕಿಸುವುದು. ಒಬ್ಬರು 'ದ್ವೇಷ' ಎಂದು ಬರೆಯುತ್ತಾರೆ, ಇನ್ನೊಬ್ಬರು 'ಭಯ' ಎಂದು. ರಾಶಿ ಬೆಳೆಯುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ, ಪ್ರಜಾಪ್ರಭುತ್ವದಲ್ಲಿ ಪಾಲ್ಗೊಂಡ ಸಮಾಧಾನದಿಂದ ಎಲ್ಲರೂ ಮನೆಗೆ ಹೋಗುತ್ತಾರೆ. ಆದರೆ ಹೊರಹೋಗಿದ್ದು ಯಾರು? ಯಾರೂ ಇಲ್ಲ.

ಅಥೆನ್ಸಿನ ಚೂರಿನ ಮೇಲೆ ಇರುತ್ತಿದ್ದುದು ಮನುಷ್ಯನ ಹೆಸರು, ಸಾಮಾನ್ಯವಾಗಿ ಬಲಾಢ್ಯನ ಹೆಸರು. 'ಆಸ್ಟ್ರಕಾನ್' ಎಂದರೆ ಮಡಕೆ ಚೂರು. ಆ ಪದ್ಧತಿಗೆ 'ಆಸ್ಟ್ರಸಿಸಂ' ಎಂಬ ಹೆಸರು ಬಂದದ್ದು ಅದರಿಂದಲೇ. ಈ ವರ್ಷ ಅಂಥ ಮತದಾನ ಬೇಕೇ ಎಂದು ಪೌರಸಭೆ ಮೊದಲು ತೀರ್ಮಾನಿಸುತ್ತಿತ್ತು. ಬೇಕೆಂದರೆ, ಕೆಲವು ವಾರಗಳ ನಂತರ ಅಗೋರಾದಲ್ಲಿ ಮತದಾನ. 6,000 ಚೂರುಗಳ ಮಿತಿ ಇತ್ತು. ಸೋತವನಿಗೆ ಹೊರಡಲು 10 ದಿನ, ಆಮೇಲೆ 10 ವರ್ಷ ಊರಾಚೆ. ಅವನ ಆಸ್ತಿ ಮುಟ್ಟುವಂತಿರಲಿಲ್ಲ, ಪೌರತ್ವವೂ ಹೋಗುತ್ತಿರಲಿಲ್ಲ. ಸಲಾಮಿಸ್ ಕದನದ ನಾಯಕ ಥೆಮಿಸ್ಟೊಕ್ಲೀಸನೂ ಹೀಗೆಯೇ ಊರು ಬಿಟ್ಟ.

ಇದನ್ನು ಕನ್ನಡಕ್ಕೆ 'ಬಹಿಷ್ಕಾರ' ಎಂದು ತಂದರೆ ಅರ್ಥ ತಲೆಕೆಳಗಾಗುತ್ತದೆ. ಊರವರು ಹಾಕುವ ಬಹಿಷ್ಕಾರ ಬೀಳುವುದು ದಲಿತರ ಮೇಲೆ, ಬಡವರ ಮೇಲೆ, ಜಾತಿ ಮೀರಿ ಮದುವೆಯಾದವರ ಮೇಲೆ. ಅದಕ್ಕೆ ಎಣಿಕೆಯಿಲ್ಲ, ಗಡುವಿಲ್ಲ, ವಾಪಸು ಬರುವ ದಿನವಿಲ್ಲ. ಬಾವಿ, ಅಂಗಡಿ, ಕೂಲಿ ಎಲ್ಲವೂ ಒಂದೇ ದಿನ ಮುಚ್ಚುತ್ತವೆ. ಇದನ್ನು ತಡೆಯಲು ಮಹಾರಾಷ್ಟ್ರ 2016ರಲ್ಲಿ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ಅಥೆನ್ಸಿನ ಚೂರು ಮೇಲಕ್ಕೆ ಹೊಡೆಯುತ್ತಿತ್ತು. ಊರಿನ ಬಹಿಷ್ಕಾರ ಕೆಳಕ್ಕೆ ಹೊಡೆಯುತ್ತದೆ. ಈ ಎರಡರ ನಡುವೆ ಇರುವುದು ನಿಯಮವೊಂದೇ. ಆ ನಿಯಮವನ್ನು ಬಿಟ್ಟು ಚೂರನ್ನಷ್ಟೇ ಹಂಚಿ 'ಯಾರನ್ನು ಹೊರಹಾಕುತ್ತೀರಿ?' ಎಂದು ಕೇಳುವುದು ಮುಗ್ಧ ಆಟವಲ್ಲ.

'ಇದು ಕಲೆ, ಸಂವಿಧಾನವಲ್ಲ' ಎಂಬ ಉತ್ತರ ಸಿದ್ಧವಿರುತ್ತದೆ. ಸರಿ, ಹಾಗಾದರೆ ಅಥೆನ್ಸಿನ ಹೆಸರೇಕೆ? ಹೆಸರು ಬೇಕಾದರೆ ಅದರ ಕೊಳೆಯೂ ಬರಲಿ. ಅಕ್ರೊಪೊಲಿಸ್‌ನ ಉತ್ತರದ ಇಳಿಜಾರಿನ ಒಂದು ಬಾವಿಯಲ್ಲಿ ಥೆಮಿಸ್ಟೊಕ್ಲೀಸನ ಹೆಸರಿದ್ದ ಸುಮಾರು 190 ಚೂರುಗಳು ಸಿಕ್ಕವು. ಅಷ್ಟನ್ನೂ ಬರೆದ ಕೈಗಳು 14 ಮಾತ್ರ. ಮತದಾರರಿಗೆ ಹಂಚಲೆಂದು ಮೊದಲೇ ಬರೆದಿಟ್ಟ ಚೂರುಗಳಿವು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಹೆಂಗಸರಿಗೆ, ಗುಲಾಮರಿಗೆ, ಹೊರಗಿನಿಂದ ಬಂದು ನೆಲೆಸಿದವರಿಗೆ ಮತವಿರಲಿಲ್ಲ. ಆ ಮಡಕೆಗಳನ್ನು ಮಾಡಿದ ಕುಂಬಾರರಲ್ಲೂ ಅಂಥವರಿದ್ದರು. ಮಣ್ಣಿನ ಕಲೆಗೆ ಇದಕ್ಕಿಂತ ಹತ್ತಿರದ ವಿಷಯ ಯಾವುದಿದೆ? ಅದನ್ನು ಬಿಟ್ಟು 'ದ್ವೇಷ', 'ಭಯ' ಬರೆಸುವುದು ಬರೀ ಹೊಗಳಿಕೆ: ಬಂದವರೆಲ್ಲ ಒಳ್ಳೆಯವರು, ಕೆಟ್ಟದ್ದು ಎಲ್ಲೋ ಹೊರಗಿದೆ.

ಧೈರ್ಯವಿದ್ದರೆ ದಾರಿಯೂ ಇದೆ. ಗೋಡೆಯ ಮೇಲೆ ಯಾವ ಪ್ರಾಯೋಜಕರ ಫಲಕ ತೂಗುತ್ತಿದೆಯೋ ಅವರ ಹೆಸರನ್ನೂ ಚೂರಿನ ಮೇಲೆ ಬರೆಯಲು ಬಿಡಲಿ. ಮಿತಿ ಎಷ್ಟೆಂದು ಮೊದಲ ದಿನವೇ ಬಾಗಿಲಲ್ಲಿ ಬರೆದು ಹಾಕಲಿ. ದಿನಾ ಸಂಜೆ ಎಲ್ಲರೆದುರು ಎಣಿಸಲಿ. ಮಿತಿ ದಾಟಿದರೆ ಫಲಕ ಇಳಿಸಲಿ, ಇಷ್ಟು ದಿನಕ್ಕೆ ಎಂದು ಗಡುವು ಹೇಳಿಯೇ ಇಳಿಸಲಿ. ಅಲ್ಲಿಯವರೆಗೆ ಆ ರಾಶಿಯಲ್ಲಿ ಬೀಳುವುದು ಮತವಲ್ಲ, ಒಡೆದ ಮಡಕೆ.