ಆಕಾಶದಲ್ಲಿ ಪಂಕ್ತಿಭೇದ

ಲಂಕೆಯಿಂದ ಅಯೋಧ್ಯೆಗೆ ಮರಳುವ ಶ್ರೀರಾಮನು ಪುಷ್ಪಕವಿಮಾನದಲ್ಲಿ ಕುಳಿತು ಕೆಳಗಿನ ಸಮುದ್ರವನ್ನು ಸೀತೆಗೆ ತೋರಿಸುವ ಸನ್ನಿವೇಶವನ್ನು ಕಾಳಿದಾಸನು ರಘುವಂಶದ 13ನೆಯ ಸರ್ಗದಲ್ಲಿ ವರ್ಣಿಸಿದ್ದಾನೆ. ಎಷ್ಟು ಜನರು ಏರಿದರೂ ಆ ವಿಮಾನದಲ್ಲಿ ಇನ್ನೊಬ್ಬರಿಗೆ ಸ್ಥಳವು ಉಳಿದೇ ಇರುತ್ತಿದ್ದಿತೆಂದು ಹರಿಕಥೆಯ ದಾಸರು ಹೇಳುವುದುಂಟು. ರಾಜರೂ ವಾನರರೂ ಅದರಲ್ಲಿ ಒಟ್ಟಿಗೆ ಬಂದರು. ನಡುವೆ ಒಂದು ತೆರೆಯನ್ನು ಇಳಿಬಿಟ್ಟು, ಮುಂದಿನವರಿಗೆ ಮೆತ್ತನೆಯ ಹಾಸಿಗೆ, ಹಿಂದಿನವರಿಗೆ ಇಕ್ಕಟ್ಟಿನ ಪೀಠ ಎಂಬ ಏರ್ಪಾಡು ಇದ್ದಿತೆಂದು ಯಾವ ದಾಸರೂ ಹೇಳಿದಂತಿಲ್ಲ. ಆ ಏರ್ಪಾಡು ಇಪ್ಪತ್ತನೆಯ ಶತಮಾನದ ಮನುಷ್ಯನ ಸ್ವಂತ ಶೋಧನೆ.

ಬೆಂಗಳೂರಿನ ಬಸವನಗುಡಿಯ ಒಂದು ಮನೆಯಲ್ಲಿ ಈ ತೆರೆಯ ವಿಚಾರವಾಗಿ ಒಂದು ವಾರ ಚರ್ಚೆ ನಡೆಯಿತು. ಮನೆಯ ಯಜಮಾನರು ನಿವೃತ್ತ ಮುಖ್ಯೋಪಾಧ್ಯಾಯರು, ವಯಸ್ಸು ಎಪ್ಪತ್ತು. ಅವರ ಪತ್ನಿಗೆ ಅರುವತ್ತೈದು; ಎರಡೂ ಮೊಣಕಾಲುಗಳಲ್ಲಿ ನೋವು. ಮಗನು ಕ್ಯಾಲಿಫೋರ್ನಿಯದಲ್ಲಿ ಇಂಜಿನಿಯರು. ಕೆಲಸದ ನಿಮಿತ್ತ ದೇಶ ಸುತ್ತಿ ಅವನು ಕೂಡಿಹಾಕಿದ ‘ಮೈಲಿ’ಗಳನ್ನು ತೆತ್ತು ತಂದೆತಾಯಿಗಳಿಗೆ ಟಿಕೆಟ್ಟು ಕೊಳ್ಳಲು ಹೊರಟಾಗ, ಅವು ಒಂದು ಬಿಸಿನೆಸ್ ಕ್ಲಾಸ್ ಪೀಠಕ್ಕೆ ಸಾಕಾದುವು, ಎರಡಕ್ಕೆ ಸಾಲಲಿಲ್ಲ. ಇನ್ನೊಬ್ಬರು ಹಿಂದಿನ ಎಕಾನಮಿಯಲ್ಲಿಯೇ ಬರಬೇಕು. ಯಾರು ಎಲ್ಲಿ ಕುಳಿತುಕೊಳ್ಳತಕ್ಕದ್ದು?

“ರೀ, ನೀವು ಮುಂದೆ ಕೂತ್ಕೊಳ್ಳಿ. ರಾತ್ರಿಯೆಲ್ಲ ಕೂತೇ ಬಂದರೆ ಮಾರನೆಯ ದಿನ ನಿಮಗೆ ತಲೆ ಎತ್ತೋದಕ್ಕೇ ಆಗೋದಿಲ್ಲ” ಎಂದು ಆಕೆ.

“ಮೊಣಕಾಲು ನೋವು ಯಾರಿಗೆ ಇವಳೇ, ನಿನಗೋ ನನಗೋ?” ಎಂದು ಯಜಮಾನರು.

“ಅಮ್ಮಾ, ನೀನೇ ಮುಂದೆ ಕೂತ್ಕೋ” ಎಂದು ಮಗನು ದೂರವಾಣಿಯಲ್ಲಿ ತೀರ್ಪು ಕೊಟ್ಟನು. ತೀರ್ಪಾದರೂ ಆಕೆಯ ಮನಸ್ಸು ಒಪ್ಪಲಿಲ್ಲ. ನಲವತ್ತು ವರ್ಷ ಗಂಡನಿಗೆ ಬಡಿಸಿದ ಮೇಲೆಯೇ ಎಲೆಯ ಮುಂದೆ ಕುಳಿತವಳಿಗೆ, ಅವರನ್ನು ಹಿಂದಿನ ಪಂಕ್ತಿಯಲ್ಲಿ ಕೂಡಿಸಿ ತಾನು ಮೊದಲನೆಯ ಪಂಕ್ತಿಯಲ್ಲಿ ಉಣ್ಣುವುದೆಂದರೆ ಪಂಕ್ತಿಭೇದವೆಂದೇ ತೋರಿತು.

ಈ ಪಂಕ್ತಿಭೇದವು ವಿಮಾನಗಳಲ್ಲಿ ಮೊದಲಿನಿಂದಲೂ ಬಲವಾಗಿ ಇದ್ದುದಲ್ಲ. ಆರಂಭದ ದಿನಗಳಲ್ಲಿ ದೂರದೇಶಕ್ಕೆ ಹಾರುವವನೇ ಶ್ರೀಮಂತನಾದುದರಿಂದ ಒಳಗೆ ಮತ್ತೆ ಭೇದವೆಣಿಸುವ ಅವಶ್ಯಕತೆ ಅಷ್ಟಾಗಿ ಇರಲಿಲ್ಲ. 1939ರಲ್ಲಿ ಪ್ಯಾನ್ ಅಮೆರಿಕನ್ ಸಂಸ್ಥೆಯು ಅಟ್ಲಾಂಟಿಕ್ ಸಾಗರವನ್ನು ದಾಟಿಸಲು ಬಳಸಿದ ಬೋಯಿಂಗ್ 314 ಎಂಬ, ನೀರಿನ ಮೇಲೆ ಇಳಿಯುವ ವಿಮಾನದಲ್ಲಿ ಊಟದ ಕೋಣೆಯಿದ್ದಿತು. ರಾತ್ರಿ ಮಲಗುವುದಕ್ಕೆ ರೈಲಿನಲ್ಲಿರುವಂತಹ ಹಾಸಿಗೆಗಳಿದ್ದುವು. 1948ರ ಜೂನ್ 8ರಂದು ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ಮುಂಬಯಿಯಿಂದ ಕೈರೋ, ಜಿನೀವಾಗಳ ಮಾರ್ಗವಾಗಿ ಲಂಡನ್ನಿಗೆ ಹೊರಟಾಗ ಅದರಲ್ಲಿ ಇದ್ದವರು ನಾಲ್ವತ್ತು ಮಂದಿಗಿಂತಲೂ ಕಡಮೆ ಪ್ರಯಾಣಿಕರು.

1952ರ ಮೇ ತಿಂಗಳಿನಿಂದ ಅಟ್ಲಾಂಟಿಕ್ ಮಾರ್ಗದಲ್ಲಿ ವಿಮಾನ ಸಂಸ್ಥೆಗಳು ಒಪ್ಪಂದ ಮಾಡಿಕೊಂಡು ಅಗ್ಗದ ‘ಟೂರಿಸ್ಟ್’ ದರ್ಜೆಯನ್ನು ತೆರೆದುವು. 1958ರಲ್ಲಿ ಅದಕ್ಕಿಂತಲೂ ಅಗ್ಗವಾದ ‘ಎಕಾನಮಿ’ ಬಂದಿತು. ಗಮನಿಸತಕ್ಕ ಸಂಗತಿಯೆಂದರೆ, ಮೇಲಿನ ದರ್ಜೆಯನ್ನು ಯಾರೂ ಆಗ ಹೊಸದಾಗಿ ಕಟ್ಟಲಿಲ್ಲ. ಕೆಳಗಿನ ದರ್ಜೆಯು ಹುಟ್ಟಿದೊಡನೆ ಉಳಿದದ್ದು ತಾನಾಗಿಯೇ ಮೇಲಿನದಾಯಿತು. ಸಾಮಾನ್ಯನಿಗೆ ಆಕಾಶದ ಬಾಗಿಲು ತೆರೆದುದೂ, ಆ ಬಾಗಿಲೊಳಗೆ ಒಂದು ತೆರೆ ಇಳಿದುದೂ ಏಕಕಾಲದ ಘಟನೆಗಳು.

ಅಲ್ಲಿಂದ ಮುಂದಿನ ಕಥೆಯು ಮೆಟ್ಟಿಲಿನ ಮೇಲೆ ಮೆಟ್ಟಿಲು ಕಟ್ಟಿದ ಕಥೆ. 1971ರಲ್ಲಿ ಏರ್ ಇಂಡಿಯಾಕ್ಕೆ ಬಂದ ಬೋಯಿಂಗ್ 747 ವಿಮಾನಗಳ ಕಿಟಕಿಗಳ ಸುತ್ತ ರಾಜಸ್ಥಾನದ ಝರೋಖಾಗಳ ಚಿತ್ತಾರವನ್ನು ಬರೆಯಿಸಿದ್ದರು. ಮಹಡಿಯಲ್ಲಿ ಪ್ರಥಮ ದರ್ಜೆಯವರಿಗೆ ಒಂದು ಹಜಾರವೇ ಇದ್ದಿತು. 1979ರಲ್ಲಿ ಆಸ್ಟ್ರೇಲಿಯದ ಕ್ವಾಂಟಾಸ್ ಸಂಸ್ಥೆಯು ಪ್ರಥಮ ದರ್ಜೆಗೂ ಎಕಾನಮಿಗೂ ನಡುವೆ ‘ಬಿಸಿನೆಸ್ ಕ್ಲಾಸ್’ ಎಂಬುದನ್ನು ಇಟ್ಟಿತು. 1990ರ ದಶಕದ ಆರಂಭದಲ್ಲಿ ಬಿಸಿನೆಸ್ಸಿಗೂ ಎಕಾನಮಿಗೂ ನಡುವೆ ಮತ್ತೊಂದು ಮೆಟ್ಟಿಲನ್ನು ತೈವಾನಿನ ಈವಾ ಏರ್, ಬ್ರಿಟನ್ನಿನ ವರ್ಜಿನ್ ಅಟ್ಲಾಂಟಿಕ್ ಮೊದಲಾದುವು ಕಟ್ಟಿದುವು. 2000ದಲ್ಲಿ ಬ್ರಿಟಿಷ್ ಏರ್‌ವೇಸ್ ಬಿಸಿನೆಸ್ ಕ್ಲಾಸಿನವರಿಗೂ ಪೂರ್ಣವಾಗಿ ಮಲಗುವ ಹಾಸಿಗೆಯನ್ನು ಒದಗಿಸಿತು. ಸ್ಥಳದ ಉಳಿತಾಯಕ್ಕಾಗಿ ಒಂದು ಪೀಠ ಮುಂದಕ್ಕೂ ಒಂದು ಹಿಂದಕ್ಕೂ ಮುಖಮಾಡಿದ್ದುದರಿಂದ, ನಡುವಣ ಮರೆಯನ್ನು ಎತ್ತುವ ತನಕ ಅಪರಿಚಿತರಿಬ್ಬರು ಎದುರುಬದುರಾಗಿ ಒಬ್ಬರನ್ನೊಬ್ಬರು ನೋಡುತ್ತ ಕುಳಿತಿರಬೇಕಾಗಿದ್ದಿತು! 2008ರಲ್ಲಿ ಎಮಿರೇಟ್ಸ್ ಸಂಸ್ಥೆಯು ತನ್ನ ಏರ್‌ಬಸ್ 380 ವಿಮಾನದಲ್ಲಿ ಪ್ರಥಮ ದರ್ಜೆಯವರಿಗೆ ಸ್ನಾನದ ಮನೆಯನ್ನೇ ಇಟ್ಟಿತು. ಆದರೆ ನೀರು ಸುರಿಯುವುದು ತಲೆಗೆ ಐದು ನಿಮಿಷ ಮಾತ್ರ. ಕುಬೇರನಾದರೂ ಅಷ್ಟರಲ್ಲಿಯೇ ಮೈಯಿನ ಸಾಬೂನನ್ನು ತೊಳೆದುಕೊಳ್ಳತಕ್ಕದ್ದು.

ಇಷ್ಟೆಲ್ಲ ವೈಭವಕ್ಕೆ ತೆರುವ ಹಣವು ಎಕಾನಮಿಯ ಬೆಲೆಯ ಮೂರು ನಾಲ್ಕು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಇದು ಬರಿಯ ಆಡಂಬರವೆ? ಹಾಗೆಂದುಬಿಡುವುದು ಸುಲಭ, ನ್ಯಾಯವಲ್ಲ. ಮೂವತ್ತೈದು ಸಾವಿರ ಅಡಿಗಳ ಎತ್ತರದಲ್ಲಿ ವಿಮಾನದೊಳಗಿನ ಗಾಳಿಯು ಸಾಮಾನ್ಯವಾಗಿ ಆರೇಳು ಸಾವಿರ ಅಡಿಗಳ ಬೆಟ್ಟದ ಮೇಲಿರುವಷ್ಟು ತೆಳುವಾಗಿರುತ್ತದೆ. ತೇವವು ಶೇಕಡಾ 20ಕ್ಕೂ ಕಡಮೆ. ಗಂಟಲು ಒಣಗುತ್ತದೆ, ಕಣ್ಣು ಉರಿಯುತ್ತದೆ. ನಾಲಗೆಗೂ ಅಲ್ಲಿ ಮಂಕು ಕವಿಯುತ್ತದೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ವಿಮಾನದ ಒತ್ತಡವನ್ನೇ ನೆಲದ ಮೇಲೆ ನಿರ್ಮಿಸಿ ಪರೀಕ್ಷಿಸಿದಾಗ, ಉಪ್ಪು ಸಿಹಿಗಳೆರಡೂ ಅಲ್ಲಿ ಸಪ್ಪೆಯಾಗಿ ತೋರುವುದೆಂದು ಕಂಡುಬಂದಿತು. ಎಂಥ ನಳಪಾಕವನ್ನು ಪಿಂಗಾಣಿಯ ತಟ್ಟೆಯಲ್ಲಿಟ್ಟು ಬಡಿಸಿದರೂ ಆಕಾಶದಲ್ಲಿ ಅದರ ರುಚಿಯು ಅಷ್ಟಕ್ಕಷ್ಟೆ. ಈ ಗಾಳಿ, ಈ ತೇವ, ಈ ನಾಲಗೆ, ಇವುಗಳಲ್ಲಿ ಮಾತ್ರ ಪಂಕ್ತಿಭೇದವಿಲ್ಲ. ತೆರೆಯ ಎರಡು ಕಡೆಗೂ ಅವು ಒಂದೇ.

ಭೇದವಿರುವುದು ಕಾಲಿಗೆ. ಎಕಾನಮಿಯಲ್ಲಿ ಒಂದು ಪೀಠದಿಂದ ಮುಂದಿನ ಪೀಠಕ್ಕೆ ಸಾಮಾನ್ಯವಾಗಿ ಮೂವತ್ತೊಂದು ಮೂವತ್ತೆರಡು ಅಂಗುಲಗಳ ಅಂತರ. ಮುಂಭಾಗದಲ್ಲಿ ಆರಡಿ ಉದ್ದದ ಹಾಸಿಗೆ. ಬಹಳ ಹೊತ್ತು ಅಲುಗಾಡದೆ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತವು ಹೆಪ್ಪುಗಟ್ಟುವ ಭಯವುಂಟು. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆಗಳಿಗೆ ಮೀರಿದ ಪ್ರಯಾಣವು ಈ ಅಪಾಯವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ. ಆದರೂ ಅದು ಆರು ಸಾವಿರ ಮಂದಿಯಲ್ಲಿ ಒಬ್ಬರಿಗೆ ಸಂಭವಿಸುವಷ್ಟು. ಜನರು ಇದನ್ನು ‘ಎಕಾನಮಿ ರೋಗ’ವೆಂದು ಕರೆದರೂ ಅದಕ್ಕೆ ದರ್ಜೆಯ ಹಂಗಿಲ್ಲ, ಬಸ್ಸಿನಲ್ಲಾಗಲಿ ರೈಲಿನಲ್ಲಾಗಲಿ ಕುಳಿತಲ್ಲೇ ಕುಳಿತವರೆಲ್ಲರಿಗೂ ಅದು ಸಮಾನ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು, ಪಾದಗಳನ್ನು ಆಡಿಸುವುದು, ನೀರು ಕುಡಿಯುವುದು, ಇವಿಷ್ಟೂ ಎಲ್ಲ ದರ್ಜೆಗಳಿಗೂ ಉಚಿತವಾದ ಔಷಧ. ಆದರೆ ನೋಯುವ ಮೊಣಕಾಲನ್ನು ಚಾಚಿ ಮಲಗುವ ಸುಖವು ಸುಳ್ಳಲ್ಲ. ಅದನ್ನು ಹಾಸ್ಯಮಾಡುವವರಿಗೆ ಮೊಣಕಾಲು ನೋವು ಬಂದಿಲ್ಲವೆಂದೇ ತಿಳಿಯಬೇಕು.

ಲೌಂಜುಗಳ ಸುಖವು ಬೇರೆಯ ಜಾತಿಯದು. ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು 1939ರಲ್ಲಿ ನ್ಯೂಯಾರ್ಕಿನ ಲಗಾರ್ಡಿಯ ನಿಲ್ದಾಣದಲ್ಲಿ ‘ಅಡ್ಮಿರಲ್ಸ್ ಕ್ಲಬ್’ ಎಂಬುದನ್ನು ತೆರೆದು, ತಾನು ಆರಿಸಿದ ಗಣ್ಯರನ್ನು ಮಾತ್ರ ಒಳಗೆ ಕರೆಯುತ್ತಿದ್ದಿತು. ಲುಫ್ತಾನ್ಸಾ ಸಂಸ್ಥೆಯು 2004ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಪ್ರಥಮ ದರ್ಜೆಯವರಿಗೆಂದೇ ಪ್ರತ್ಯೇಕ ಕಟ್ಟಡವನ್ನು ಕಟ್ಟಿಸಿತು. ಅಲ್ಲಿಂದ ವಿಮಾನದ ಬುಡದವರೆಗೆ ಕಾರಿನಲ್ಲಿ ಕರೆದೊಯ್ಯುತ್ತಾರೆ; ಸ್ನಾನದ ತೊಟ್ಟಿಯ ಬಳಿ ರಬ್ಬರಿನ ಬಾತುಕೋಳಿಯ ಮರಿಯನ್ನು ಇಟ್ಟಿರುತ್ತಾರೆ. ಕೋಟ್ಯಧೀಶರು ಆ ಆಟಿಕೆಯನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟುಕೊಂಡು ಮನೆಗೆ ಒಯ್ಯುವರಂತೆ!

ಲೌಂಜಿನಲ್ಲಿ ಸಿಕ್ಕುವುದೇನು? ಕುರ್ಚಿ, ಕಾಫಿ, ತಿಂಡಿ, ಪತ್ರಿಕೆ, ಸ್ವಲ್ಪ ಮೌನ. ಇವೆಲ್ಲ ಮನೆಯಲ್ಲಿಯೂ ಉಂಟು. ಬೆಲೆಬಾಳುವುದು ಆ ಬಾಗಿಲು. ಹೊರಗೆ ನೂರಾರು ಜನ ನಿಂತಿರುವಾಗ ತನಗಾಗಿ ಅದು ತೆರೆಯುವುದೆಂಬ ಸಂತೋಷಕ್ಕೇ ಹೆಚ್ಚಿನ ಬೆಲೆ. ಈ ಸಂತೋಷವನ್ನು ಹಂಚಿದಷ್ಟೂ ಅದು ಕರಗುತ್ತದೆ. ಭಾರತದಲ್ಲಿ ಬ್ಯಾಂಕುಗಳು ತಮ್ಮ ಕಾರ್ಡುಗಳ ಜೊತೆಗೆ ಲೌಂಜಿನ ಪ್ರವೇಶವನ್ನು ಉದಾರವಾಗಿ ಕೊಡಲಾರಂಭಿಸಿದುವು. ಎಷ್ಟೋ ಕಡೆ ಕಾರ್ಡನ್ನು ಉಜ್ಜಿ ಎರಡು ರೂಪಾಯಿ ತೆತ್ತರೆ ಇಡ್ಲಿಯಿಂದ ಹಲ್ವದವರೆಗೆ ಹೊಟ್ಟೆತುಂಬ ಊಟವಾಗತೊಡಗಿತು. ಪರಿಣಾಮವಾಗಿ ಲೌಂಜಿನ ಹೊರಗೆ ಮದುವೆಯ ಮನೆಯ ಎರಡನೆಯ ಪಂಕ್ತಿಗೆ ಕಾದವರಂತೆ ಜನರ ಸಾಲು ನಿಂತಿತು. ಬ್ಯಾಂಕುಗಳು ಒಂದೊಂದಾಗಿ ನಿಬಂಧನೆಗಳನ್ನು ಬಿಗಿಮಾಡಿದುವು. ಕಾಲು ಚಾಚಿ ಮಲಗಿದವನ ಸುಖವು ಪಕ್ಕದವನೂ ಮಲಗಿದನೆಂದು ಕಡಮೆಯಾಗದು. ಬಾಗಿಲಿನ ಸುಖವು ಎಲ್ಲರಿಗೂ ಬಾಗಿಲು ತೆರೆದೊಡನೆ ಮಾಯವಾಗುತ್ತದೆ. ಇವೆರಡೂ ಒಂದೇ ಟಿಕೆಟ್ಟಿನಲ್ಲಿ ಸೇರಿ ಬರುವುದರಿಂದ, ಯಾವುದಕ್ಕೆ ಹಣ ತೆತ್ತೆವೆಂಬುದು ಕೊಂಡವರಿಗೇ ತಿಳಿಯದು.

ಬಸವನಗುಡಿಯ ದಂಪತಿಗಳು ಕೊಲ್ಲಿಯ ಒಂದು ನಿಲ್ದಾಣದಲ್ಲಿ ವಿಮಾನವನ್ನು ಬದಲಾಯಿಸಬೇಕಾಗಿದ್ದಿತು. ಬೆಂಗಳೂರಿನಿಂದ ಅಲ್ಲಿಗೆ ನಾಲ್ಕು ಗಂಟೆ; ಅಲ್ಲಿ ಐದು ಗಂಟೆಗಳ ಬಿಡುವು; ಅಲ್ಲಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಸುಮಾರು ಹದಿನಾರು ಗಂಟೆ. ನಡುವಣ ನಿಲ್ದಾಣದ ಲೌಂಜಿನ ಬಾಗಿಲಿನಲ್ಲಿ ನಿಂತಿದ್ದ ಹೆಣ್ಣುಮಗಳು ಇಬ್ಬರ ಟಿಕೆಟ್ಟುಗಳನ್ನೂ ನೋಡಿ, ಆಕೆಯನ್ನು ನಗುಮುಖದಿಂದ ಒಳಗೆ ಕರೆದಳು. ಯಜಮಾನರಿಗೆ ಅಷ್ಟೇ ನಗುಮುಖದಿಂದ ಆಗದೆಂದಳು.

“ನೀನು ಹೋಗಿ ಸ್ವಲ್ಪ ಒರಗಿಕೋ. ನಾನು ಇಲ್ಲೇ ಬೆಂಚಿನ ಮೇಲೆ ಇರ್ತೀನಿ” ಎಂದು ಅವರು ಪುಸ್ತಕವನ್ನು ತೆರೆದರು.

ಆಕೆ ಒಳಗೆ ಹೋದಳು. ಸಾಲಾಗಿ ಜೋಡಿಸಿದ್ದ ಹಣ್ಣುಗಳನ್ನೂ ಬಗೆಬಗೆಯ ಭಕ್ಷ್ಯಗಳನ್ನೂ ನೋಡಿದಳು. ಮೆತ್ತನೆಯ ಕುರ್ಚಿಯೊಂದರಲ್ಲಿ ಕುಳಿತಳು. ಹತ್ತು ನಿಮಿಷ ಕಳೆಯುವುದರೊಳಗೆ ಎದ್ದು, ಒಂದು ಬಟ್ಟಲು ಕಾಫಿಯನ್ನೂ ಕುಡಿಯದೆ ಹೊರಗೆ ಬಂದಳು. ಬೆಂಚಿನ ಮೇಲೆ ಗಂಡನ ಪಕ್ಕದಲ್ಲಿ ಕುಳಿತು, ಕೈಚೀಲದಿಂದ ಕೋಡುಬಳೆಯ ಡಬ್ಬಿಯನ್ನು ತೆಗೆದಳು.

“ಯಾಕೆ ಬಂದೆ?”

“ಅಲ್ಲಿ ಮಾತಾಡೋದಕ್ಕೆ ಯಾರಿದ್ದಾರೆ?”

ಆದರೆ ಎರಡನೆಯ ವಿಮಾನದ ಸಂಗತಿಯನ್ನೂ ಇದ್ದಂತೆಯೇ ಹೇಳಬೇಕು. ಗಗನಸಖಿಯು ಪೀಠವನ್ನು ಹಾಸಿಗೆಯಾಗಿ ಮಾಡಿಕೊಟ್ಟಾಗ ಆಕೆಗೆ ಮೊದಲು ಸಂಕೋಚ. ಆಮೇಲೆ ಗಾಢವಾದ ನಿದ್ರೆ. ಬೆಳಗ್ಗೆ ಐದು ಗಂಟೆಗೆ ಎದ್ದು ಒಲೆ ಹಚ್ಚಬೇಕಾದ ಚಿಂತೆಯಿಲ್ಲದೆ ಆಕೆ ಆರು ಗಂಟೆಗಳ ಕಾಲ ಒಂದೇ ಸಮನೆ ಮಲಗಿದ್ದಳು. ಮೊಣಕಾಲು ಬಾತುಕೊಳ್ಳಲಿಲ್ಲ. ಎಚ್ಚರವಾದೊಡನೆ ಆಕೆಗೆ ತೆರೆಯ ನೆನಪಾಯಿತು. ಮೆಲ್ಲನೆ ಅದನ್ನು ಸರಿಸಿ ಹಿಂದೆ ನಡೆದಳು. ಕತ್ತಲೆಯಲ್ಲಿ ಸಾಲುಸಾಲಾಗಿ ಜನ ಕುಳಿತೇ ನಿದ್ರಿಸುತ್ತಿದ್ದರು. ಯಜಮಾನರ ತಲೆಯು ಒಂದು ಪಕ್ಕಕ್ಕೆ ಜೋತುಬಿದ್ದಿತ್ತು. ಕನ್ನಡಕವು ಮೂಗಿನ ತುದಿಗೆ ಜಾರಿತ್ತು. ಆಕೆ ಕನ್ನಡಕವನ್ನು ತೆಗೆದು ಅವರ ಜೇಬಿನಲ್ಲಿಟ್ಟಳು. ಮುಂದಿನಿಂದ ತಂದಿದ್ದ ದಪ್ಪನೆಯ ತಲೆದಿಂಬನ್ನು ಕತ್ತಿನ ಕೆಳಗೆ ಸೇರಿಸಿ, ಬಂದಂತೆಯೇ ಹಿಂದಿರುಗಿದಳು. ಎಚ್ಚೆತ್ತ ಮೇಲೆ ಅವರು, ಎಕಾನಮಿಯಲ್ಲಿಯೂ ದಿಂಬು ಬಹಳ ಚೆನ್ನಾಗಿ ಕೊಡುತ್ತಾರೆಂದು ಪಕ್ಕದವರೊಡನೆ ಸಂತೋಷಪಟ್ಟರು.

ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಇಳಿದಾಗ ಆಕೆ ಯಾರ ಕೈಯನ್ನೂ ಹಿಡಿಯದೆ ನಡೆದು ಬಂದು, ಮೂರು ವರ್ಷದ ಮೊಮ್ಮಗನನ್ನು ಬಗ್ಗಿ ಎತ್ತಿಕೊಂಡಳು. ಮಗನ ಕಣ್ಣಿಗೆ ಅವನ ಮೈಲಿಗಳೆಲ್ಲ ಆ ಒಂದು ಕ್ಷಣದಲ್ಲಿ ಸಾರ್ಥಕವಾದುವು. ಯಜಮಾನರ ಬೆನ್ನು ಮಾತ್ರ ಎರಡು ದಿನ ನೆಟ್ಟಗಾಗಲಿಲ್ಲ. ಅದನ್ನು ಅವರು ಯಾರಿಗೂ ಹೇಳಲಿಲ್ಲ. ಆಕೆಗೆ ಯಾರೂ ಹೇಳಬೇಕಾಗಿಯೂ ಇರಲಿಲ್ಲ.

ಮರಳುವ ದಿನ ಹತ್ತಿರ ಬಂದಾಗ ಮಗನು ಮತ್ತೆ ಲೆಕ್ಕಹಾಕಿದನು. ಈ ಸಲವೂ ಮೈಲಿಗಳು ಒಬ್ಬರಿಗೆ ಮಾತ್ರ ಸಾಲುತ್ತಿದ್ದುವು. “ಈ ಸಲ ಅಪ್ಪ ಮುಂದೆ ಕೂತ್ಕೊಳ್ಳಲಿ” ಎಂದನು.

“ಇಬ್ಬರಿಗೂ ಹಿಂದೇನೇ ಕೊಂಡುಕೋ, ಪಕ್ಕಪಕ್ಕದಲ್ಲಿ. ಒಂದು ನಡೆಯೋ ದಾರಿಯ ಕಡೆ ಇರಲಿ. ಗಂಟೆಗೊಂದು ಸಲ ಏಳ್ತೀನಿ. ಮಧ್ಯದ ಊರಿನಲ್ಲಿ ಒಂದು ರಾತ್ರಿ ಛತ್ರದ ಹಾಗೆ ಎಲ್ಲಾದರೂ ಇಳಿದುಕೊಂಡು, ಕಾಲು ಚಾಚಿ ಮಲಗಿ, ಮಾರನೆಯ ದಿನ ಹೊರಡ್ತೀವಿ. ನಮಗೇನು ಅಷ್ಟು ಅವಸರ?” ಎಂದು ಆಕೆ.

ಮಗನು ಲೆಕ್ಕ ಮಾಡಿ ನೋಡಿದನು. ಹೋಟೆಲಿನ ಒಂದು ರಾತ್ರಿಯ ಬಾಡಿಗೆಯು ಬಿಸಿನೆಸ್ ಕ್ಲಾಸಿನ ಬೆಲೆಯ ಅಲ್ಪಭಾಗಕ್ಕೂ ಸಮನಾಗಿರಲಿಲ್ಲ. ಹಾಗೆಯೇ ಏರ್ಪಾಡಾಯಿತು.

“ಹೋಗುವಾಗಲೂ ಹೀಗೇ ಮಾಡಬಹುದಾಗಿತ್ತು” ಎಂದರು ಯಜಮಾನರು.

“ಮಾಡಬಹುದಾಗಿತ್ತು. ಆದರೆ ಆ ಹಾಸಿಗೆ ಹೇಗಿರುತ್ತೆ ಅಂತ ನನಗೆ ಗೊತ್ತಾಗ್ತಿರಲಿಲ್ಲವಲ್ಲ?” ಎಂದು ಆಕೆ ನಕ್ಕು, ದಾರಿಗೆ ಬೇಕಾದ ಕೋಡುಬಳೆಗೆ ಹಿಟ್ಟು ಕಲಸಲು ಒಳಗೆ ಹೋದಳು.